ನಿಂತ ಟ್ರೇಲರ್ ಕುಣಿಯದಿರಲು ಏನು ಕೊಳ್ಳಬೇಕು, ಏನು ಬೇಡ

ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ತಿಪಟೂರಿನ ತೆಂಗಿನ ತೋಟದಲ್ಲೋ ಕ್ಯಾಂಪಿಂಗ್ ಟ್ರೇಲರ್ ನಿಲ್ಲಿಸಿ ರಾತ್ರಿ ಕಳೆಯುವವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಎಲ್ಲರದೂ ಒಂದೇ ದೂರು. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರ. ಮಗು ಒಳಗೆ ಓಡಿದರೆ ಸ್ಟವ್ ಮೇಲಿನ ಹಾಲು ತುಳುಕುತ್ತದೆ. ಪರಿಹಾರ ಕೇಳಿದರೆ ಒಬ್ಬರು ಜಾಕ್ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಶಾಕ್ ಅಬ್ಸಾರ್ಬರ್ ಅನ್ನುತ್ತಾರೆ. ವೆಲ್ಡಿಂಗ್ ಶಾಪಿನವರು "ನಾಲ್ಕು ಪೈಪ್ ಹೊಡೆದುಬಿಡೋಣ ಸಾರ್" ಅಂತ ಆಗಲೇ ಟೇಪು ಹಿಡಿದಿರುತ್ತಾರೆ.

ಇವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಒಂದೊಂದು ಸಾಮಾನು ಒಂದೊಂದು ಬಗೆಯ ಅಲುಗಾಟವನ್ನು ಮಾತ್ರ ತಡೆಯುತ್ತದೆ. ನಿಮ್ಮ ಟ್ರೇಲರ್ ಅಕ್ಕಪಕ್ಕಕ್ಕೆ ತೂಗುತ್ತಿದ್ದರೆ ಚಕ್ರಕ್ಕೆ ಎಷ್ಟು ಒಳ್ಳೆ ಅಡ್ಡಗಟ್ಟೆ ಕೊಟ್ಟರೂ ಪ್ರಯೋಜನವಿಲ್ಲ. ಹಿಂದೆ ಮುಂದೆ ಜಾರುತ್ತಿದ್ದರೆ ನಾಲ್ಕರ ಜಾಗದಲ್ಲಿ ಆರು ಜಾಕ್ ಹಾಕಿದರೂ ಅಷ್ಟೇ.

ಮೊದಲು ಒಂದು ಲೋಟ ನೀರು

ಸ್ಟೀಲ್ ಲೋಟಕ್ಕೆ ಕಂಠದವರೆಗೆ ನೀರು ತುಂಬಿ ಒಳಗಿನ ಮೇಜಿನ ಮೇಲಿಡಿ. ಒಬ್ಬರು ಬಾಗಿಲಿಂದ ಹಾಸಿಗೆವರೆಗೆ ಮಾಮೂಲಿಯಾಗಿ ನಡೆಯಲಿ. ನೀರು ಟ್ರೇಲರ್‌ನ ಉದ್ದಕ್ಕೆ ತುಳುಕಿದರೆ ಅದು ಹಿಂದೆ ಮುಂದೆ ಆಡುತ್ತಿದೆ. ಅಡ್ಡಕ್ಕೆ ತುಳುಕಿದರೆ ಅಕ್ಕಪಕ್ಕ ತೂಗುತ್ತಿದೆ. ಹೆಚ್ಚು ತುಳುಕದೆ ನಡುವೆ ಉಂಗುರ ಉಂಗುರವಾಗಿ ನಡುಗಿದರೆ ಮೇಲೆ ಕೆಳಗೆ ಕುಣಿಯುತ್ತಿದೆ.

ಆಮೇಲೆ ಹೊರಗೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ದೊಡ್ಡದು ಚಿಕ್ಕದು ಆಗುತ್ತಿದ್ದರೆ ಕೆಲಸ ಸ್ಪ್ರಿಂಗ್‌ನದು. ಟೈರಿನ ಮೇಲೆ, ಅದರ ಬುಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದಿಡಿ. ಒಳಗೆ ನಡೆದಾಗ ಆ ಗೆರೆಗಳು ಕೂದಲೆಳೆಯಷ್ಟು ಸರಿದು ವಾಪಸ್ ಬಂದರೆ ಚಕ್ರ ಉರುಳಲು ನೋಡುತ್ತಿದೆ. ಚಾಸಿಯ, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈ ಇಟ್ಟಾಗ ಅದು ಕಲ್ಲಿನಂತೆ ನಿಂತಿದ್ದು, ಒಳಗೆ ಮಾತ್ರ ಕುಣಿಯುವ ಹಾಗನ್ನಿಸಿದರೆ ಫ್ಲೋರ್ ಪ್ಲೈವುಡ್ಡೇ ಬಗ್ಗುತ್ತಿದೆ. ಅದಕ್ಕೆ ಹೊರಗಿಂದ ಯಾವ ಜಾಕ್ ಕೊಟ್ಟರೂ ಆಗದು. ಬಡಗಿಯನ್ನು ಕರೆಯಬೇಕು.

ಇನ್ನೂ ಒಂದು ವಿಷಯ ಇದೇ ಹೊತ್ತಿಗೆ ಗೊತ್ತಾಗುತ್ತದೆ. ಮೆಟ್ಟಿಲು ಟ್ರೇಲರ್‌ಗೇ ನೇತುಬಿದ್ದಿದ್ದರೆ ಹತ್ತುವವರ ಪೂರ್ತಿ ತೂಕ ಬಾಡಿಯ ಒಂದು ಅಂಚಿಗೆ ಬೀಳುತ್ತದೆ. ಪ್ರತಿ ಸಲ ಯಾರೋ ಒಳಗೆ ಬಂದಾಗ ಇಡೀ ಗಾಡಿ ಒಂದು ಪಕ್ಕಕ್ಕೆ ವಾಲಿ ಎದ್ದೇಳುವುದು ಇದರಿಂದಲೇ. ನೆಲದ ಮೇಲೆ ಸ್ವತಂತ್ರವಾಗಿ ನಿಲ್ಲುವ ಒಂದು ಮರದ ಮಣೆ ಅಥವಾ ಕಬ್ಬಿಣದ ಸ್ಟೂಲ್ ಸಾಕು. ಈ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ಮದ್ದು ಇನ್ನೊಂದಿಲ್ಲ.

ಚಕ್ರಕ್ಕೆ ಏನು ಕೊಡುವುದು

ಲೋಟದ ನೀರು ಉದ್ದಕ್ಕೆ ತುಳುಕಿದವರು ಇಲ್ಲಿಂದ ಶುರು ಮಾಡಿ. ಹ್ಯಾಂಡ್‌ಬ್ರೇಕ್ ಇದೆಯಲ್ಲ ಅಂತ ಸುಮ್ನೆ ಬಿಡಬೇಡಿ. ಕಾರು ನಿಧಾನ ಮಾಡಿದಾಗ ತಾನಾಗಿ ಹಿಡಿಯುವ ಬ್ರೇಕ್ ಇರುವ ಟ್ರೇಲರ್‌ಗಳಲ್ಲಿ, ಗಾಡಿ ಸ್ವಲ್ಪ ಹಿಂದಕ್ಕೆ ಉರುಳಿದ ಮೇಲಷ್ಟೇ ಹ್ಯಾಂಡ್‌ಬ್ರೇಕ್ ಪೂರ್ತಿ ಕಚ್ಚಿಕೊಳ್ಳುವ ಮಾದರಿಗಳಿವೆ. ಇಳಿಜಾರಿನಲ್ಲಿ ಆ ಸ್ವಲ್ಪವೇ ಜಾಸ್ತಿ.

ದಾರಿ ಬದಿಯ ಕಲ್ಲನ್ನು ಎತ್ತಿ ಚಕ್ರಕ್ಕೆ ಕೊಡುವುದು ನಮ್ಮ ಹಳೆ ಅಭ್ಯಾಸ. ಉರುಳುವುದನ್ನು ಅದು ತಡೆಯುತ್ತದೆ, ಅಲುಗಾಟವನ್ನು ತಡೆಯುವುದಿಲ್ಲ. ಗುಂಡುಕಲ್ಲು ಟೈರಿಗೆ ಒಂದೇ ಕಡೆ ತಾಗಿರುತ್ತದೆ, ಉಳಿದ ಕಡೆ ಸಂದು. ಟೈರಿನ ಉರುಟಿಗೆ ಹೊಂದುವ ಹಾಗೆ ಇಳಿಜಾರಾಗಿ ಕೊಯ್ದ ಮರದ ತುಂಡು ಅಥವಾ ಗಟ್ಟಿ ರಬ್ಬರಿನ ವೀಲ್ ಚಾಕ್ ಬೇರೆಯೇ ಮಾತು. ಎರಡೂ ಚಕ್ರಕ್ಕೆ, ಹಿಂದೆಯೂ ಮುಂದೆಯೂ, ಒಟ್ಟು ನಾಲ್ಕು ಬೇಕು. ಸುತ್ತಿಗೆಯಲ್ಲಿ ಒಂದೇಟು ಕೊಟ್ಟು ಕೂರಿಸಬೇಕು.

ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಇನ್ನೊಂದು ಸಾಮಾನು ಎಕ್ಸ್ ಆಕಾರದ ಚಾಕ್. ಹಿಂದೆ ಮುಂದೆ ಇರುವ ಎರಡು ಟೈರುಗಳ ಸಂದಿಗೆ ಅದನ್ನು ತೂರಿಸಿ, ತಿರುಪು ತಿರುಗಿಸಿದರೆ ಹಿಗ್ಗಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಕೆಲಸ ತುಂಬಾ ಚೆನ್ನಾಗಿ ಮಾಡುತ್ತದೆ. ಆದರೆ ಒಂದೊಂದು ಪಕ್ಕಕ್ಕೆ ಎರಡೆರಡು ಚಕ್ರ ಇದ್ದವರಿಗೆ ಮಾತ್ರ. ಇಲ್ಲಿ ಎಸ್‌ಯುವಿ ಹಿಂದೆ ಕಟ್ಟಿಕೊಂಡು ಬರುವ ಟ್ರೇಲರ್‌ಗಳು ಹೆಚ್ಚಾಗಿ ಒಂದೇ ಆಕ್ಸಲ್‌ನವು, ಅಂದರೆ ಒಂದೇ ಅಚ್ಚಿಗೆ ಪಕ್ಕಕ್ಕೊಂದು ಚಕ್ರ. ವಿದೇಶಿ ವಿಡಿಯೋ ನೋಡಿ ತರಿಸಿಕೊಂಡರೆ ಅದನ್ನು ಹಾಕಲು ಜಾಗವೇ ಇರುವುದಿಲ್ಲ. ಎರಡು ಆಕ್ಸಲ್ ಇದ್ದವರಿಗೆ ಒಂದು ಮಾತು: ಓಡಿ ಬಂದ ಟೈರು ಬಿಸಿಯಾಗಿ ಉಬ್ಬಿರುತ್ತದೆ, ಆಮೇಲೆ ತಣ್ಣಗಾಗಿ ಸಡಿಲವಾಗುತ್ತದೆ. ಮಲಗುವ ಮುಂಚೆ ಇನ್ನೊಮ್ಮೆ ಬಿಗಿ ಮಾಡಿ.

ಒಂದೇ ಆಕ್ಸಲ್ ಇದ್ದವರಿಗೆ ಇದರ ಬದಲು ನಾನು ಹೇಳುವುದು, ಎರಡು ಕಬ್ಬಿಣದ ಇಳಿಜಾರು ತುಂಡುಗಳನ್ನು ಥ್ರೆಡ್ ರಾಡ್‌ನಿಂದ ಜೋಡಿಸಿದ ಚಾಕ್. ಒಂದು ತುಂಡು ಟೈರಿನ ಮುಂದೆ, ಒಂದು ಹಿಂದೆ. ನಟ್ ತಿರುಗಿಸಿದಂತೆ ಎರಡೂ ಹತ್ತಿರ ಬಂದು ಟೈರನ್ನು ಇಕ್ಕಳದಲ್ಲಿ ಹಿಡಿದಂತೆ ಹಿಡಿಯುತ್ತವೆ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ ಯಾವುದೇ ತಾಲ್ಲೂಕಿನಲ್ಲಿದ್ದರೂ ಇದನ್ನು ಮಾಡಿಕೊಡಬಲ್ಲದು.

ಜಾಕ್‌ಗಳಲ್ಲಿ ಯಾವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ಜಾಸ್ತಿ ಹೋಗುವುದೂ, ಚಾಸಿ ಹಾಳಾಗುವುದೂ ಇಲ್ಲೇ.

ಕಂಪನಿಯಿಂದಲೇ ಬರುವ ಮೂಲೆ ಜಾಕ್‌ಗಳು ಮಡಚಿದ ಕಾಲಿನ ಹಾಗೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಅವು ಗಾಡಿ ಎತ್ತಲು ಮಾಡಿದವಲ್ಲ, ನಿಂತ ಗಾಡಿಗೆ ಆಸರೆ ಕೊಡಲು ಮಾಡಿದವು. ಹ್ಯಾಂಡಲ್ ತಿರುಗಿಸುತ್ತಾ ಪಾದ ಹಲಗೆಗೆ ತಾಗಿದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಆ ಮೂಲೆ ಮೇಲೆದ್ದು ಚಾಸಿ ತಿರುಚುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಬಾಗಿಲ ಚಿಲಕ ನೋಡಿ. ಜಾಕ್ ಇಳಿಸುವ ಮುಂಚೆ ಸಲೀಸಾಗಿ ಬೀಳುತ್ತಿದ್ದ ಚಿಲಕ ಈಗ ಬಿಗಿಯಾಗಿದ್ದರೆ, ಯಾವುದೋ ಒಂದು ಮೂಲೆಯನ್ನು ಅತಿಯಾಗಿ ಎತ್ತಿದ್ದೀರಿ.

ಕತ್ತರಿಯ ಹಾಗೆ ತೆರೆದು ಮುಚ್ಚುವ ಸಿಜರ್ ಜಾಕ್ ಇದಕ್ಕಿಂತ ಗಟ್ಟಿ. ಅದರ ಗುಟ್ಟು ಕೂರಿಸುವ ದಿಕ್ಕಿನಲ್ಲಿದೆ. ಕತ್ತರಿ ತೆರೆದುಕೊಳ್ಳುವ ದಿಕ್ಕಿಗೆ ಅದು ಬಲವಾಗಿ ನಿಲ್ಲುತ್ತದೆ, ಅದಕ್ಕೆ ಅಡ್ಡ ದಿಕ್ಕಿಗೆ ತೂಗಾಡುತ್ತದೆ. ನಿಮ್ಮ ಗಾಡಿ ಅಕ್ಕಪಕ್ಕ ತೂಗುವಂಥದ್ದಾದರೆ ಕತ್ತರಿಯೂ ಗಾಡಿಯ ಅಡ್ಡಕ್ಕೇ ತೆರೆದುಕೊಳ್ಳುವ ಹಾಗೆ ಬೋಲ್ಟ್ ಮಾಡಿಸಿ. ಫಿಟ್ ಮಾಡುವವರು ಕೈಗೆ ಹ್ಯಾಂಡಲ್ ಸುಲಭವಾಗಿ ಸಿಗುವ ಕಡೆ ನೋಡಿ ಕೂರಿಸಿಬಿಡುತ್ತಾರೆ. ಪಕ್ಕದಲ್ಲೇ ನಿಂತು ಹೇಳಬೇಕಾಗುತ್ತದೆ.

ಮೂರನೆಯದು ಆಕ್ಸಲ್ ಸ್ಟ್ಯಾಂಡ್, ಗಾಡಿಯ ಕೆಳಗೆ ಆಸರೆಗಿಡುವ ಕಬ್ಬಿಣದ ಕಾಲು. ಮೇಲೆ ಕೆಳಗೆ ಕುಣಿಯುವುದಕ್ಕೆ ಮದ್ದು ಇದೇ. ಆದರೆ ಹೆಸರು ನೋಡಿ ಇದನ್ನು ಆಕ್ಸಲ್ ಕೆಳಗೆ ಇಟ್ಟುಬಿಡುತ್ತಾರೆ. ಸ್ವಲ್ಪ ಯೋಚಿಸಿ. ಆಕ್ಸಲ್ ಮೇಲೆ ಕಮಾನು ಪಟ್ಟಿ, ಕಮಾನು ಪಟ್ಟಿಯ ಮೇಲೆ ಚಾಸಿ. ಆಕ್ಸಲ್‌ಗೆ ಆಸರೆ ಕೊಟ್ಟರೆ ಟೈರಿನ ಕುಣಿತ ನಿಲ್ಲುತ್ತದೆ, ಕಮಾನು ಪಟ್ಟಿ ಆರಾಮಾಗಿ ಕುಣಿಯುತ್ತಲೇ ಇರುತ್ತದೆ. ಸ್ಟ್ಯಾಂಡ್ ಇರಬೇಕಾದ್ದು ಚಾಸಿಯ ಉದ್ದದ ಕಂಬಿಯ ಕೆಳಗೆ, ಆದಷ್ಟು ಮೂಲೆಯ ಕಡೆಗೆ. ಆಸರೆಗಳು ಒಂದಕ್ಕೊಂದು ದೂರ ಇದ್ದಷ್ಟೂ ಒಳ್ಳೆಯದು. ಕಮಾನು ಪಟ್ಟಿ ಇಲ್ಲದೆ ಕೊಳವೆಯೊಳಗೆ ರಬ್ಬರ್ ತುಂಬಿದ ಟಾರ್ಷನ್ ಆಕ್ಸಲ್ ಇದ್ದರಂತೂ ಆ ಕೊಳವೆಗೆ ಜಾಕ್ ಕೊಡಲೇಬೇಡಿ ಅಂತ ತಯಾರಕರೇ ಎಚ್ಚರಿಸುತ್ತಾರೆ.

ಸ್ಟ್ಯಾಂಡ್ ಕೊಳ್ಳುವಾಗ ಹಲ್ಲು ಹಲ್ಲಾಗಿ ಏರುವುದನ್ನು ಬಿಟ್ಟು ತಿರುಪಿನಿಂದ ಏರುವುದನ್ನು ಆರಿಸಿ. ಹಲ್ಲಿನದು ಒಂದು ಹಲ್ಲಿಗೆ ಸಾಲುವುದಿಲ್ಲ, ಇನ್ನೊಂದಕ್ಕೆ ಹೆಚ್ಚಾಗುತ್ತದೆ. ನಮಗೆ ಬೇಕಾದ್ದು ಆ ನಡುವಿನ ಅಳತೆ. ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಬೇಸ್ ಜಾಕ್ ಸಿಗುತ್ತದೆ. ದಪ್ಪ ತಿರುಪಿನ ಕಂಬಿ, ಕೆಳಗೊಂದು ಚೌಕ ಪ್ಲೇಟು, ಮೇಲೆ ಕಿವಿಯಿರುವ ನಟ್. ಗಿಡ್ಡದ್ದನ್ನು ತಂದು ತುಂಡು ಪೈಪಿನೊಳಗೆ ಇಳಿಬಿಟ್ಟು, ಪೈಪಿನ ತಲೆಗೆ ಒಂದು ಪ್ಲೇಟು ಬೆಸೆಸಿಕೊಂಡರೆ ನೇರ ತೂಕ ಹೊರಲು ಧಾರಾಳವಾಯಿತು. ಅಕ್ಕಪಕ್ಕದ ತೂಗಾಟಕ್ಕೆ ಅದು ಉಪಯೋಗಕ್ಕೆ ಬಾರದು, ಒಂಟಿ ಕಾಲು ನೋಡಿ.

ಬಾಟಲ್ ಜಾಕ್ ಬೇಡ. ಎತ್ತಲು ಬಳಸಿ, ಎತ್ತಿ ರಾತ್ರಿಯಿಡೀ ಹಾಗೇ ನಿಲ್ಲಿಸಲು ಬಳಸಬೇಡಿ. ಎಣ್ಣೆಯ ಒತ್ತಡದಲ್ಲಿ ನಿಂತ ಜಾಕ್ ರಾತ್ರಿಯೆಲ್ಲಾ ಕೂದಲಷ್ಟು ಕೂದಲಷ್ಟೇ ಇಳಿಯುತ್ತದೆ. ಬೆಳಗ್ಗೆ ಒಂದು ಮೂಲೆ ತಗ್ಗಾಗಿರುತ್ತದೆ. ಹಾಲೋ ಬ್ಲಾಕ್ ಅಂತೂ ಮುಟ್ಟಲೇಬೇಡಿ. ಚಿಕ್ಕ ಜಾಗದಲ್ಲಿ ತೂಕ ಬಿದ್ದರೆ ಅದು ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಸೈಜುಗಲ್ಲು ಒಡೆಯುವುದಿಲ್ಲ, ಆದರೆ ಮುಖ ಸಮನಾಗಿರದೆ ಅದೇ ಆಡುತ್ತದೆ. ಮೇಲೆ ಕೆಳಗೆ ಹಲಗೆ ತುಂಡು ಕೊಟ್ಟರೆ ಪರವಾಗಿಲ್ಲ.

ಯಾವ ಆಸರೆ ಇಟ್ಟರೂ ಚಕ್ರ ನೆಲ ಬಿಡಬಾರದು. ಪೂರ್ತಿ ತೂಕ ಸ್ಟ್ಯಾಂಡಿಗೆ ಹೋದರೆ ಹ್ಯಾಂಡ್‌ಬ್ರೇಕೂ ಇಲ್ಲ, ಚಾಕೂ ಇಲ್ಲ ಅಂದಹಾಗೆ.

ಮುಂದಿನ ಚಿಕ್ಕ ಚಕ್ರ

ಎತ್ತಿನಗಾಡಿ ಬಿಚ್ಚಿದಾಗ ಮೂಕಿಯ ಕೆಳಗೆ ಒಂದು ಊರುಗೋಲು ಕೊಡುತ್ತಿದ್ದರಲ್ಲ, ಟ್ರೇಲರ್‌ನ ಮೂತಿಗೂ ಅದೇ ಬೇಕು. ಕಾರಿನಿಂದ ಬಿಚ್ಚಿದ ಒಂಟಿ ಆಕ್ಸಲ್ ಟ್ರೇಲರ್ ನಿಂತಿರುವುದು ಮೂರೇ ಕಡೆ: ಎರಡು ಚಕ್ರ, ಮುಂದೊಂದು ಜಾಕಿ ವೀಲ್. ಆ ಜಾಕಿ ವೀಲ್ ಸಣ್ಣ ಕೊಳವೆಯ ತುದಿಯಲ್ಲಿ ಉರುಳುವ ಚಕ್ರ. ಉರುಳುವುದೇ ಅದರ ಕೆಲಸ, ನಿಲ್ಲುವುದಲ್ಲ. ಮಟ್ಟ ಮಾಡಿಕೊಳ್ಳಲು ಅದನ್ನು ಬಳಸಿ, ಮಟ್ಟವಾದ ಮೇಲೆ ಮೂತಿಯ ಎ-ಫ್ರೇಮ್ (ಕಾರಿನ ಕೊಂಡಿಯ ಕಡೆ ಚೂಪಾಗುವ ಕಬ್ಬಿಣದ ಚೌಕಟ್ಟು) ಕೆಳಗೆ ಒಂದು ಸ್ಟ್ಯಾಂಡ್ ಕೊಡಿ. ಮೂಲೆ ಜಾಕ್ ನಾಲ್ಕೂ ಇಳಿಸಿ ಇದನ್ನು ಮರೆತವರ ಟ್ರೇಲರ್ ಮುಂದಿನ ಕಡೆಯಿಂದ ಆಡುತ್ತಲೇ ಇರುತ್ತದೆ.

ಒಂದೇ ರಾತ್ರಿಗೆ ಕಾರಿನಿಂದ ಬಿಚ್ಚುವುದೇ ಬೇಡ ಅನ್ನುವವರಿದ್ದಾರೆ. ಒಪ್ಪತಕ್ಕ ಮಾತು. ಉರುಳುವ ಭಯವಿಲ್ಲ. ಆದರೆ ಕಾರಿನ ಸಸ್ಪೆನ್ಶನ್ನೂ ಈಗ ಕುಣಿತಕ್ಕೆ ಸೇರಿಕೊಳ್ಳುತ್ತದೆ. ಹಿಂದಿನ ಎರಡು ಮೂಲೆ ಜಾಕ್ ಇಳಿಸಿದರೆ ಒಂದು ರಾತ್ರಿಗೆ ಸಾಕಾಗುವಷ್ಟು ನಿಲ್ಲುತ್ತದೆ.

ಓರೆ ಪೈಪು

ಅಕ್ಕಪಕ್ಕದ ತೂಗಾಟಕ್ಕೆ ನೆಟ್ಟಗೆ ನಿಂತ ಕಾಲುಗಳು ಸಾಲವು. ನಾಲ್ಕು ಕಾಲಿನ ಹಳೆ ಬೆಂಚು ಅಲುಗಾಡಿದರೆ ಬಡಗಿ ಐದನೇ ಕಾಲು ಹೊಡೆಯುವುದಿಲ್ಲ, ಓರೆಯಾಗಿ ಒಂದು ಪಟ್ಟಿ ಹೊಡೆಯುತ್ತಾನೆ. ಟ್ರೇಲರ್‌ಗೆ ಆ ಓರೆ ಪಟ್ಟಿ ಅಂದರೆ ಒಂದರೊಳಗೊಂದು ಜಾರುವ ಎರಡು ಚೌಕ ಪೈಪು, ನಡುವೆ ಬಿಗಿ ಮಾಡುವ ಟಿ ಬೋಲ್ಟ್. ಒಂದು ತುದಿ ಒಂದು ಜಾಕ್‌ನ ಪಾದದ ಹತ್ತಿರ, ಇನ್ನೊಂದು ತುದಿ ಎದುರು ಪಕ್ಕದ ಚಾಸಿಗೆ. ಹಿಂಬದಿಯಲ್ಲಿ ಅಡ್ಡಕ್ಕೆ ಎರಡು ಹಾಕಿದರೆ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ. ಉದ್ದಕ್ಕೊಂದು ಸೇರಿಸಿದರೆ ಹಿಂದೆ ಮುಂದಿನ ಆಟವೂ ಕಡಿಮೆ. ಹತ್ತಿರದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಟಾಪ್ ಲಿಂಕ್ ಕೂಡ ಇದಕ್ಕೆ ಒದಗುತ್ತದೆ. ಎರಡು ತುದಿಗೂ ಎದುರು ಬದುರು ತಿರುಪು ಇರುವುದರಿಂದ ನಡುವಿನ ಕೊಳವೆ ತಿರುಗಿಸಿದರೆ ಉದ್ದ ಹೊಂದುತ್ತದೆ.

ವೆಲ್ಡಿಂಗ್ ಶಾಪಿನವರಿಗೆ ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಿ: ಚಾಸಿಗೆ ನೇರ ಬೆಸುಗೆ ಬೇಡ. ಜಿಂಕ್ ಲೇಪನದ ಚಾಸಿಯಾದರೆ ಬೆಸುಗೆ ಬಿದ್ದ ಕಡೆ ಲೇಪನ ಸುಟ್ಟು ತುಕ್ಕು ಅಲ್ಲಿಂದಲೇ ಶುರು. ಯು ಬೋಲ್ಟ್ ಕ್ಲ್ಯಾಂಪ್ ಹಾಕಿಸಿ. ಬೇಡವಾದರೆ ಬಿಚ್ಚಬಹುದು.

ದಿನಕ್ಕೊಂದು ಊರು ಬದಲಿಸುವವರಿಗೆ ಓರೆ ಪೈಪು ತಲೆನೋವು. ಹಾಕುವುದು ಬಿಚ್ಚುವುದೇ ಕೆಲಸವಾಗುತ್ತದೆ. ಒಂದೇ ಕಡೆ ನಾಲ್ಕು ದಿನ ನಿಲ್ಲುವವರಿಗೆ ಮಾತ್ರ ಇದು ಸರಿ.

ಶಾಕ್ ಅಬ್ಸಾರ್ಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ರಸ್ತೆಗೆ ಬೇಕಾದ ಸಾಮಾನು. ನಿಂತ ಗಾಡಿಗೆ ಅದರಿಂದ ಸಿಗುವುದು ಅಲ್ಪ. ಕಮಾನು ಪಟ್ಟಿಯ ಬುಶ್ ಸವೆದಿದ್ದರೆ ಮಾತ್ರ ಬದಲಿಸಿ. ಆ ಸಡಿಲ ನೇರವಾಗಿ ಹಾಸಿಗೆವರೆಗೆ ಬರುತ್ತದೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ತೂಗಾಟ ಜಾಸ್ತಿ. ಹಗಲಿಗಿಂತ ರಾತ್ರಿ 10 ಡಿಗ್ರಿ ತಣ್ಣಗಾದರೆ ಒಂದೂವರೆ, ಎರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ. ಹಾಗಂತ ಟೈರಿನ ಮೇಲೆ ಬರೆದಿರುವ ಮಿತಿ ದಾಟಿಸಿ ತುಂಬಿಸಬೇಡಿ.

ನಮ್ಮ ನೆಲದ ಮೇಲೆ

ಒಳ್ಳೆಯ ಜಾಕ್ ಕೆಟ್ಟ ನೆಲದ ಮೇಲೆ ಸೋಲುತ್ತದೆ. ಲೆಕ್ಕ ನೋಡಿ. ಒಂದು ಜಾಕ್ ಮೇಲೆ 150 ಕೆಜಿ ಬಿದ್ದಿದೆ ಅನ್ನಿ. ಪಾದ ನಾಲ್ಕಿಂಚು ಚೌಕವಾದರೆ 16 ಚದರ ಇಂಚು. ಒಂದೊಂದು ಇಂಚಿಗೆ 9 ಕೆಜಿಗಿಂತ ಹೆಚ್ಚು. ಅದರ ಕೆಳಗೆ ಒಂದಡಿ ಚೌಕದ ಹಲಗೆ ಇಟ್ಟರೆ 144 ಚದರ ಇಂಚು, ಇಂಚಿಗೆ 1 ಕೆಜಿ ಚಿಲ್ಲರೆ. ಹಲಗೆ ಎರಡಿಂಚು ದಪ್ಪ ಇರಲಿ. ತೆಳುವಾದರೆ ನಡುವೆ ಬಗ್ಗಿ ಲೆಕ್ಕವೆಲ್ಲ ತಲೆಕೆಳಗು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀಲಗಿರಿ ಸುಲಭಕ್ಕೆ ಸಿಗುತ್ತದೆ, ಆದರೆ ಒಣಗಿದಂತೆ ಸೀಳುತ್ತದೆ. ಜಾಲಿ ಮರದ ಹಲಗೆ ಸಿಕ್ಕರೆ ಬಿಡಬೇಡಿ. ಗಾಡಿ ಚಕ್ರಕ್ಕೆ ಹಾಕುತ್ತಿದ್ದ ಮರ ಅದು.

ಬೇಸಿಗೆಯ ಕೆಮ್ಮಣ್ಣು ಗಾರೆಯಂತೆ ಗಟ್ಟಿ. ಅದೇ ನೆಲ ಅಕ್ಟೋಬರಿನ ಹಿಂಗಾರು ಮಳೆ ಬಿದ್ದ ಮಾರನೆಯ ದಿನ ಜಾಕ್‌ನ ಪಾದ ನುಂಗುತ್ತದೆ. ಉತ್ತ ಮಾವಿನ ತೋಪಿನಲ್ಲಿ ಮೇಲಿನ ಸಡಿಲ ಮಣ್ಣನ್ನು ಸನಿಕೆಯಲ್ಲಿ ಕೆರೆದು ಗಟ್ಟಿ ನೆಲ ಸಿಗುವ ಕಡೆ ಹಲಗೆ ಕೂರಿಸಿ. ತೆಂಗಿನ ತೋಟದಲ್ಲಿ ಮರದ ಸುತ್ತ ಆರಡಿಯಷ್ಟು ಪಾತಿ ಇರುತ್ತದೆ. ನೀರು ಕುಡಿದು ಮೆತ್ತಗಾದ ಆ ಜಾಗಕ್ಕೆ ಒಂದು ಜಾಕ್ ಬಿದ್ದರೂ ಬೆಳಗಾಗುವಷ್ಟರಲ್ಲಿ ವಾಲಿರುತ್ತದೆ. ಪಾತಿಯಿಂದ ದೂರ ನಿಂತರೆ ತಲೆ ಮೇಲೆ ಕಾಯಿ ಬೀಳುವ ಭಯವೂ ತಪ್ಪುತ್ತದೆ. ಬತ್ತಿದ ಕೆರೆ ಅಂಗಳ ನೋಡಲು ಮೈದಾನದಂತೆ ಚೆನ್ನಾಗಿರುತ್ತದೆ, ಆದರೆ ಅದೆಲ್ಲ ಹೂಳು. ಅಲ್ಲಿ ನಿಲ್ಲಿಸಬೇಡಿ.

ಹಾಸುಬಂಡೆಯ ಮೇಲೆ ತೊಂದರೆ ಬೇರೆ. ಮುಳುಗುವುದಿಲ್ಲ, ಜಾರುತ್ತದೆ. ಹಲಗೆಯ ಕೆಳಗೆ ರಬ್ಬರ್ ಬೇಕು. ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ನಮ್ಮ ಹಾಲಿನ ಊರುಗಳಲ್ಲಿ ಎಲ್ಲ ಕಡೆ ಸಿಗುತ್ತದೆ. ಹಳೆಯದೊಂದನ್ನು ಒಂದಡಿ ಚೌಕಗಳಾಗಿ ಕೊಯ್ದಿಟ್ಟುಕೊಳ್ಳಿ. ಒಂದೇ ಪದರ ಸಾಕು. ಎರಡು ಮೂರು ಪೇರಿಸಿದರೆ ರಬ್ಬರೇ ಸ್ಪ್ರಿಂಗ್ ಆಗುತ್ತದೆ.

ಆಷಾಢದ ಗಾಳಿಯನ್ನು ಮರೆಯುವಂತಿಲ್ಲ. ಪಾವಗಡ, ಶಿರಾ ಕಡೆಯ ಬಯಲಿನಲ್ಲಿ ಅದು ಪಡುವಲಿಂದ ಬೀಸಿದರೆ ಟ್ರೇಲರ್‌ನ ಅಗಲ ಗೋಡೆಗೆ ಸೀದಾ ಬಡಿಯುತ್ತದೆ. ಮೂತಿಯನ್ನು ಪಡುವಲು, ನೈರುತ್ಯದ ಕಡೆ ತಿರುಗಿಸಿ ನಿಲ್ಲಿಸಿ. ಬಾಗಿಲ ಮುಂದಿನ ಬಟ್ಟೆಯ ಚಪ್ಪರವನ್ನು ರಾತ್ರಿ ಸುತ್ತಿಡಿ.

ಹಾಗಾದರೆ ಯಾರಿಗೆ ಯಾವುದು

ಶನಿವಾರ ಹೋಗಿ ಭಾನುವಾರ ಬರುವವರು ನಾಲ್ಕು ಚಾಕ್, ನಾಲ್ಕು ಹಲಗೆ, ನೆಲದ ಮೇಲೊಂದು ಮೆಟ್ಟಿಲು ಇಷ್ಟರಲ್ಲೇ ನಿಲ್ಲಿಸಿ. ಇರುವ ಮೂಲೆ ಜಾಕ್ ಸಾಕು. ಮೂರು ನಾಲ್ಕು ದಿನ ಬೀಡುಬಿಡುವವರು ಚಾಸಿ ಕೆಳಗೆ ಎರಡು ತಿರುಪು ಸ್ಟ್ಯಾಂಡ್, ಮೂತಿಗೊಂದು ಸೇರಿಸಿ. ಇದರ ಮೇಲೂ ಲೋಟದ ನೀರು ಅಡ್ಡಕ್ಕೆ ತುಳುಕಿದರೆ ಓರೆ ಪೈಪು. ತೋಟದಲ್ಲಿ ಅತಿಥಿಗಳಿಗಂತ ವರ್ಷವಿಡೀ ನಿಲ್ಲಿಸುವವರು ಜಾಕ್‌ಗೆ ದುಡ್ಡು ಹಾಕುವ ಬದಲು ಜಾಕ್ ಬೀಳುವ ಕಡೆ, ಚಕ್ರ ನಿಲ್ಲುವ ಕಡೆ ಕಾಂಕ್ರೀಟ್ ಹಾಕಿಸಿ. ಪೂರ್ತಿ ಚಪ್ಪಡಿ ಬೇಕಿಲ್ಲ.

ನಿಲ್ಲಿಸುವ ಕ್ರಮವೂ ಮುಖ್ಯ. ಮೊದಲು ತಗ್ಗಿರುವ ಪಕ್ಕದ ಚಕ್ರವನ್ನು ಹಲಗೆ ಹತ್ತಿಸಿ ಅಡ್ಡಕ್ಕೆ ಮಟ್ಟ ಮಾಡಿ. ಆಮೇಲೆ ಚಾಕ್, ಆಮೇಲೆ ಕಾರು ಬಿಚ್ಚುವುದು, ಜಾಕಿ ವೀಲ್‌ನಿಂದ ಉದ್ದಕ್ಕೆ ಮಟ್ಟ, ಕೊನೆಗೆ ಜಾಕ್‌ಗಳು. ಗಾಡಿ ಎತ್ತಿದ ಸ್ಥಿತಿಯಲ್ಲಿ ಕೆಳಗೆ ತೂರಬೇಡಿ, ಸ್ಟ್ಯಾಂಡನ್ನು ಪಕ್ಕದಿಂದಲೇ ತಳ್ಳಿ. ಮಾರನೆಯ ಬೆಳಗ್ಗೆ ಒಮ್ಮೆ ಎಲ್ಲ ಜಾಕ್ ಮುಟ್ಟಿ ನೋಡಿ, ಒಂದಾದರೂ ಸಡಿಲವಾಗಿರುತ್ತದೆ.

ಹೊರಡುವಾಗ ಇದೇ ಕ್ರಮ ತಿರುಗುಮುರುಗು. ಕಾರಿಗೆ ಕೊಂಡಿ ಬೀಳುವವರೆಗೆ ಚಾಕ್ ತೆಗೆಯಬಾರದು. ಜಾಕ್ ತಿರುಗಿಸುವ ಹ್ಯಾಂಡಲ್ ಯಾವತ್ತೂ ಡ್ರೈವರ್ ಸೀಟಿನ ಮೇಲಿರಲಿ, ನಾಲ್ಕೂ ಜಾಕ್ ಮೇಲೇರಿದ್ದನ್ನು ಗಾಡಿ ಸುತ್ತಿ ನೋಡಿದ ಮೇಲೆ ಡಿಕ್ಕಿಗೆ ಹಾಕಿ.